ಮೊದಲು ಏರ್‌ಬಾಕ್ಸ್ ತೆಗೆಸಿ ನೋಡಿ: ಹಳೆಯ ಸ್ಪೋರ್ಟ್ ಕ್ವಾಡ್ ಕೊಳ್ಳುವವರಿಗೆ

ಪ್ರಶ್ನೆ: ನಮ್ಮೂರು ತುಮಕೂರು, ಈಗ ಇರುವುದು ಸ್ಯಾನ್ ಡಿಯಾಗೋದಲ್ಲಿ. ಕಾಲೇಜಿನಲ್ಲಿ ಆರ್‌ಎಕ್ಸ್100 ಓಡಿಸುತ್ತಿದ್ದೆ. ಹೋದ ಚಳಿಗಾಲದಲ್ಲಿ ಸ್ನೇಹಿತರ ಜೊತೆ ಗ್ಲಾಮಿಸ್ ಮರಳು ದಿಬ್ಬಗಳಿಗೆ ಹೋಗಿ ಬಾಡಿಗೆ ಕ್ವಾಡ್ (ದಪ್ಪ ಟೈರಿನ ನಾಲ್ಕು ಚಕ್ರದ ಬೈಕ್) ಓಡಿಸಿದೆ. ಆವತ್ತಿನಿಂದ ಹುಚ್ಚು ಹಿಡಿದಿದೆ. ಸ್ವಂತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಕ್ವಾಡ್ ಬೇಕು. ಚಳಿಗಾಲದಲ್ಲಿ ದಿಬ್ಬ, ಉಳಿದ ಸಮಯ ಕೋರಲ್ ಕ್ಯಾನ್ಯನ್ ಕಡೆಯ ಟ್ರೇಲ್. ಬಜೆಟ್ 4,000 ಡಾಲರ್. ಮೂರು ಕಣ್ಣಿಗೆ ಬಿದ್ದಿವೆ. 2005ರ ಯಮಹಾ ವೈಎಫ್‌ಜಡ್450, 3,200 ಡಾಲರ್, ಬೇರೆ ಸೈಲೆನ್ಸರ್, ಉದ್ದದ ಎ-ಆರ್ಮ್ (ಮುಂದಿನ ಚಕ್ರವನ್ನು ಫ್ರೇಮಿಗೆ ಸೇರಿಸುವ ತೋಳು), ಅಗಲದ ಆಕ್ಸಲ್ ಎಲ್ಲ ಹಾಕಿದ್ದಾರೆ. 2007ರ ಯಮಹಾ ರಾಪ್ಟರ್ 700, 3,900 ಡಾಲರ್. 2008ರ ಹೋಂಡಾ 400ಇಎಕ್ಸ್, 2,700 ಡಾಲರ್, ಕಂಪನಿಯಿಂದ ಬಂದ ಹಾಗೆಯೇ ಇದೆ, ಆದರೆ ಬಣ್ಣ ಮಾಸಿದೆ. ಸ್ನೇಹಿತರೆಲ್ಲ 450 ತಗೋ ಅನ್ನುತ್ತಾರೆ. ನನಗೆ ಯಮಹಾದ ಹಳೆಯ ಬ್ಯಾನ್ಶಿ ಮೇಲೂ ಕಣ್ಣಿದೆ. ಎಂಟು ವರ್ಷದ ಮಗನನ್ನು ಹಿಂದೆ ಕೂರಿಸಿಕೊಂಡು ಹೋಗಬಹುದಾ?

ಉತ್ತರ: ನಾನಾದರೆ ಮೊದಲು ನೋಡಲು ಹೋಗುವುದು ಆ ಬಣ್ಣ ಮಾಸಿದ 400ಇಎಕ್ಸ್ ಅನ್ನು. ಕೊಂಡುಬಿಡಿ ಅಂತ ಹೇಳುತ್ತಿಲ್ಲ, ಮೊದಲು ನೋಡಿ ಅಂತ ಅಷ್ಟೇ. ಮಗನ ವಿಷಯ ಕೊನೆಗೆ ಬರೆದಿದ್ದೇನೆ. ಅದನ್ನು ಓದದೆ ಬಿಡಬೇಡಿ.

ಹಳೆಯ ಕ್ವಾಡ್ ಕೊಳ್ಳುವಾಗ ಎಲ್ಲರೂ ಯಾವ ಮಾಡೆಲ್ ಅಂತ ಕೇಳುತ್ತಾರೆ. ಯಾರ ಕೈಯಲ್ಲಿತ್ತು ಅಂತ ಕೇಳುವವರು ಕಡಿಮೆ. ಮರಳಿನಲ್ಲಿ ಓಡಿದ ಗಾಡಿಗೆ ಆ ಎರಡನೇ ಪ್ರಶ್ನೆಯೇ ದೊಡ್ಡದು. ಅದಕ್ಕೆ ಉತ್ತರ ಮಾಲೀಕರ ಮಾತಿನಲ್ಲಿ ಸಿಗುವುದಿಲ್ಲ. ಸೀಟಿನ ಕೆಳಗಿರುವ ಏರ್‌ಬಾಕ್ಸ್‌ನಲ್ಲಿ, ಅಂದರೆ ಇಂಜಿನ್‌ಗೆ ಹೋಗುವ ಗಾಳಿ ಸೋಸುವ ಡಬ್ಬಿಯಲ್ಲಿ ಸಿಗುತ್ತದೆ.

ಸೀಟಿನ ಲಾಕ್ ಎಳೆದು ಸೀಟ್ ತೆಗೆಯಿರಿ. ಕೆಳಗೆ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಮೇಲೆ ಮುಚ್ಚಳ ಇದೆಯಾ ನೋಡಿ. ಜಾಸ್ತಿ ಗಾಳಿ ಸಿಗಲಿ ಅಂತ ಎಷ್ಟೋ ಜನ ಆ ಮುಚ್ಚಳವನ್ನೇ ತೆಗೆದು ಬಿಸಾಡಿರುತ್ತಾರೆ. ಒಳಗೆ ಫೋಮ್ ಫಿಲ್ಟರ್ ಇರುತ್ತದೆ. ಬೆರಳಿನಿಂದ ಒತ್ತಿ. ಚೆನ್ನಾಗಿ ನೋಡಿಕೊಂಡ ಫಿಲ್ಟರ್ ಅಂಟಂಟಾಗಿರಬೇಕು, ಫಿಲ್ಟರ್ ಆಯಿಲ್ ಬೆರಳಿಗೆ ಹತ್ತಬೇಕು. ಒಣಗಿ ಪುಡಿ ಪುಡಿಯಾಗುತ್ತಿದ್ದರೆ ಅದು ಮರಳನ್ನು ತಡೆದಿಲ್ಲ. ಈಗ ಮಾಲೀಕರನ್ನು ಕೇಳಿ ಫಿಲ್ಟರ್ ಹೊರಗೆ ತೆಗೆಯಿರಿ. ಮರಳು ಒಳಗೆ ಬೀಳದ ಹಾಗೆ ನಿಧಾನವಾಗಿ. ಅದರ ಹಿಂದೆ ಕಾರ್ಬ್ಯುರೇಟರ್ ಕಡೆಗೆ ಹೋಗುವ ರಬ್ಬರ್ ಕೊಳವೆ ಇದೆ ಅಲ್ವಾ, ಅದರ ಒಳಗೋಡೆಯನ್ನು ಬಿಳಿ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ. ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ನುಣ್ಣಗಿದ್ದರೆ ಸರಿ. ಕರಕರ ಅಂದರೆ ಮರಳು ಫಿಲ್ಟರ್ ದಾಟಿ ಒಳಗೆ ಹೋಗಿದೆ. ಅಲ್ಲಿಗೆ ಮಾತು ಮುಗಿಸಿ, ಧನ್ಯವಾದ ಹೇಳಿ ಹೊರಡಿ.

ಇಷ್ಟೊಂದು ಒತ್ತಿ ಹೇಳಲು ಕಾರಣ ಇದೆ. ನಾನು ಮೊದಲು ಕೊಂಡದ್ದು ಒಂದು 450. ಥಳಥಳ ಹೊಳೆಯುತ್ತಿತ್ತು. ಸದ್ದು ಕೇಳಿಯೇ ಮನಸ್ಸು ಸೋತಿತ್ತು. ಸೀಟ್ ತೆಗೆದು ನೋಡಲಿಲ್ಲ. ಮನೆಗೆ ತಂದ ಮೇಲೆ ನೋಡಿದರೆ ಫಿಲ್ಟರ್ ಹಿಡಿಯುವ ಕ್ಲ್ಯಾಂಪೇ ಇರಲಿಲ್ಲ. ಮೂರನೇ ಸಲ ದಿಬ್ಬಕ್ಕೆ ಹೋದಾಗ ನೀಲಿ ಹೊಗೆ ಶುರುವಾಯಿತು. ಇಂಜಿನ್ ಬಿಚ್ಚಿದಾಗ ಸಿಲಿಂಡರ್ ಒಳಗೆ ಉದ್ದುದ್ದ ಗೀರುಗಳು. ಕೊಂಡ ದುಡ್ಡಿನ ಅರ್ಧದಷ್ಟು ರಿಪೇರಿಗೇ ಹೋಯಿತು. ಆ ಸಿಲಿಂಡರ್ ಈಗಲೂ ನನ್ನ ಗ್ಯಾರೇಜಿನ ಶೆಲ್ಫ್ ಮೇಲಿದೆ. ಕ್ವಾಡ್ ಕೊಳ್ಳುತ್ತೇನೆ ಅಂತ ಬಂದವರಿಗೆಲ್ಲ ಅದನ್ನು ಕೈಗೆ ಕೊಟ್ಟು ಉಗುರಿನಿಂದ ಒಳಗೆ ಸವರಿ ನೋಡಿ ಅನ್ನುತ್ತೇನೆ.

ಈಗ ನಿಮ್ಮ ಸ್ನೇಹಿತರು ಹೇಳುವ 450ಕ್ಕೆ ಬರೋಣ. ವೈಎಫ್‌ಜಡ್450 ಬಂದದ್ದು 2004ರಲ್ಲಿ. 439 ಸಿಸಿ, ಐದು ವಾಲ್ವ್, ಐದೂ ಟೈಟಾನಿಯಂ. ರೇಸ್ ಬೈಕಿನ ಇಂಜಿನ್ ಅನ್ನು ಕ್ವಾಡ್‌ಗೆ ಇಳಿಸಿದ್ದು ಅದು. ಒಳ್ಳೆಯ ಸವಾರನ ಕೈಯಲ್ಲಿ ನೋಡುವುದೇ ಚಂದ. ಆದರೆ ಟೈಟಾನಿಯಂ ವಾಲ್ವ್ ಹಗುರ, ಅದರ ಮುಖದ ಮೇಲೆ ಗಟ್ಟಿ ಲೇಪ ಇರುವುದು ತೆಳ್ಳಗೆ. ಮರಳಿನ ಧೂಳು ಆ ಲೇಪವನ್ನು ತಿಂದರೆ ವಾಲ್ವ್ ಬೇಗ ಸವೆದು, ತಾನು ಕೂರುವ ಲೋಹದ ಬಳೆಯೊಳಗೆ ಇಳಿಯುತ್ತಾ ಹೋಗುತ್ತದೆ. ವಾಲ್ವ್ ಮೇಲೆ ಇರಬೇಕಾದ ಸಣ್ಣ ಸಂದು ಕಡಿಮೆಯಾಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ, ಕಂಪ್ರೆಷನ್ ಸೋರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಆಗಲು ಒದ್ದಾಡುವ 450 ಕಂಡರೆ ಬ್ಯಾಟರಿ ವೀಕ್ ಇರಬೇಕು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ವಾಲ್ವ್ ನೋಡಿಸಬೇಕು. ಆ ಸಂದನ್ನು ಸರಿಹೊಂದಿಸಲು ವಾಲ್ವ್ ಒತ್ತುವ ಕ್ಯಾಮ್ ಬಿಚ್ಚಿ, ಕೆಳಗಿನ ಶಿಮ್ ಅನ್ನುವ ಸಣ್ಣ ಬಿಲ್ಲೆ ಬದಲಿಸಬೇಕು. ಮನೆಯಲ್ಲಿ ಮೊದಲ ಸಲ ಕೈಹಾಕುವವರಿಗೆ ಅದು ಸುಲಭದ ಕೆಲಸ ಅಲ್ಲ.

400ಇಎಕ್ಸ್‌ನಲ್ಲಿ ಅದೇ ಕೆಲಸಕ್ಕೆ ಒಂದು ಸ್ಪ್ಯಾನರ್, ಸಂದು ಅಳೆಯುವ ಒಂದು ಫೀಲರ್ ಗೇಜ್ ಸಾಕು. ಸ್ಕ್ರೂ, ಲಾಕ್‌ನಟ್ ಇರುವ ಹಳೇ ಪದ್ಧತಿ. ನಿಮ್ಮ ಆರ್‌ಎಕ್ಸ್100ರಲ್ಲಿ ಹೀಗೆ ಹೊಂದಿಸುವ ವಾಲ್ವೇ ಇರಲಿಲ್ಲ, ಆದರೂ ನಾಲ್ಕು ಸ್ಟ್ರೋಕ್ ಬೈಕಿನ ಟ್ಯಾಪೆಟ್ ಕೂರಿಸುವುದನ್ನು ನಮ್ಮೂರಿನ ಯಾವುದಾದರೂ ಗ್ಯಾರೇಜಿನಲ್ಲಿ ನೋಡಿಯೇ ಇರುತ್ತೀರಿ. ಅಷ್ಟೇ ಇದು. 397 ಸಿಸಿ, ಗಾಳಿ ಮತ್ತು ಆಯಿಲ್‌ನಿಂದ ತಂಪಾಗುವ ಇಂಜಿನ್. ರೇಡಿಯೇಟರ್ ಇಲ್ಲ, ಒಡೆದು ನೀರು ಸೋರುವ ಪೈಪೂ ಇಲ್ಲ. 1999ರಿಂದ ಬಂದ ಈ ಗಾಡಿಗೆ 2005ರಲ್ಲಿ ರಿವರ್ಸ್ ಗೇರ್ ಸೇರಿತು. ನೀವು ನೋಡಿರುವುದು 2008ರದ್ದಾದ್ದರಿಂದ ರಿವರ್ಸ್ ಇರುತ್ತದೆ. ಇಕ್ಕಟ್ಟಾದ ಟ್ರೇಲ್‌ನಲ್ಲಿ ಮುಂದೆ ಬಂಡೆ, ಪಕ್ಕದಲ್ಲಿ ಇಳಿಜಾರು ಅಂತ ಆದಾಗ ಅದರ ಬೆಲೆ ಗೊತ್ತಾಗುತ್ತದೆ. ವೈಎಫ್‌ಜಡ್450ರಲ್ಲಿ ರಿವರ್ಸ್ ಇಲ್ಲ. ಇಳಿದು ಹಿಂದಕ್ಕೆ ಎಳೆಯಬೇಕು.

ಇದರ ಆಯಿಲ್ ವಿಷಯದಲ್ಲಿ ಮಾತ್ರ ಹುಷಾರು. ಆಯಿಲ್ ಇಂಜಿನ್ ತಳದಲ್ಲಿ ಕೂರುವುದಿಲ್ಲ, ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ನಿಂತ ಗಾಡಿಯಲ್ಲಿ ಅದು ನಿಧಾನವಾಗಿ ಕೆಳಗೆ ಇಳಿದುಬಿಡುತ್ತದೆ. ಆಗ ಆಯಿಲ್ ಅಳೆಯುವ ಕಡ್ಡಿ ಹಾಕಿ ನೋಡಿದರೆ ಕಡಿಮೆ ಕಾಣುತ್ತದೆ. ಕಡಿಮೆಯಾಗಿದೆ ಅಂತ ಸುಮ್ನೆ ತುಂಬಿಸುತ್ತಾ ಹೋದವರ ಗಾಡಿಯಲ್ಲಿ ಹೆಚ್ಚಾದ ಆಯಿಲ್ ಏರ್‌ಬಾಕ್ಸ್‌ಗೆ ಬಂದು ನಿಂತಿರುತ್ತದೆ. ಹಾಗಾಗಿ ಏರ್‌ಬಾಕ್ಸ್ ತಳದಲ್ಲಿ ಆಯಿಲ್ ಕಂಡರೆ ಇಂಜಿನ್ ಹೋಗಿದೆ ಅಂತ ಕೂಡಲೇ ತೀರ್ಮಾನ ಮಾಡಬೇಡಿ. ಇಂಜಿನ್ ಬಿಸಿ ಮಾಡಿ, ಕೆಲವು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಫ್ ಮಾಡಿದ ತಕ್ಷಣ ಕಡ್ಡಿ ನೋಡಿ. ಮಟ್ಟ ಮೀರಿದ್ದರೆ ಕಾರಣ ಅದೇ ಇರಬಹುದು.

ರಾಪ್ಟರ್ 700 ಬಗ್ಗೆ ನನಗೆ ಗೌರವ ಇದೆ. 2006ರಿಂದ ಬರುತ್ತಿದೆ, 686 ಸಿಸಿ, ಫ್ಯೂಯಲ್ ಇಂಜೆಕ್ಷನ್, ರಿವರ್ಸ್ ಇದೆ. ದೊಡ್ಡ ದಿಬ್ಬ ಹತ್ತುವಾಗ ಗೇರ್ ಇಳಿಸುವ ಅಗತ್ಯವೇ ಬರುವುದಿಲ್ಲ, ಸುಮ್ಮನೆ ಎಳೆದುಕೊಂಡು ಹೋಗುತ್ತದೆ. ನಿಮಗೆ ಎರಡು ಚಳಿಗಾಲದ ಅನುಭವ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ 4,000ದಲ್ಲಿ 3,900 ಗಾಡಿಗೇ ಹೋದರೆ ಹೆಲ್ಮೆಟ್, ಬೂಟು, ಟೈರಿಗೆ ಏನು ಉಳಿಯುತ್ತದೆ?

ಬ್ಯಾನ್ಶಿ ಮೇಲೆ ನಿಮಗೆ ಕಣ್ಣು ಬಿದ್ದದ್ದು ನನಗೆ ಅರ್ಥವಾಗುತ್ತದೆ. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ನಮ್ಮ ಕಡೆ ರಾಜದೂತ್ 350 ಅಂತ ಓಡಿದ ಆರ್‌ಡಿ ವಂಶದ್ದೇ ಇಂಜಿನ್. ಮೈಸೂರಿನ ಯೆಜ್ಡಿ ಹೊಗೆ ಕುಡಿದು ಬೆಳೆದ ನನ್ನಂಥವರಿಗೆ ಆ ವಾಸನೆಗೇ ಎದೆ ಹಿಗ್ಗುತ್ತದೆ. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಿದ ಗಾಡಿ. ಗ್ಲಾಮಿಸ್‌ನಲ್ಲಿ ಅದರ ಕಿರುಚು ಕೇಳಿದರೆ ಈಗಲೂ ಜನ ತಿರುಗಿ ನೋಡುತ್ತಾರೆ. ಆದರೆ ಕಿಕ್ ಮಾತ್ರ, ರಿವರ್ಸ್ ಇಲ್ಲ, ಪೆಟ್ರೋಲಿಗೆ ಆಯಿಲ್ ಕೈಯಾರೆ ಬೆರೆಸಬೇಕು. ಶಕ್ತಿ ಬರುವುದು ಮೇಲಿನ ಆರ್‌ಪಿಎಂನಲ್ಲಿ ಒಮ್ಮೆಲೇ. ದಿಬ್ಬಕ್ಕೆ ಅದು ಸೊಗಸು, ಕಲ್ಲಿನ ಟ್ರೇಲ್‌ನಲ್ಲಿ ದಣಿವು. ಇಂಜಿನ್ ಬಿಚ್ಚಿ ಜೋಡಿಸದ ಬ್ಯಾನ್ಶಿ ಇವತ್ತು ಸಿಗುವುದು ಕಷ್ಟ, ಯಾರು ಜೋಡಿಸಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎರಡನೇ ಗಾಡಿಯಾಗಿ ಬರಲಿ.

ನೀವು ಹೇಳದ ಇನ್ನೊಂದನ್ನು ನಾನು ಸೇರಿಸುತ್ತೇನೆ. ಸುಜುಕಿ ಎಲ್‌ಟಿ-ಜಡ್400. 2003ರಲ್ಲಿ ಬಂತು, 398 ಸಿಸಿ, ರೇಡಿಯೇಟರ್ ಇದೆ, ರಿವರ್ಸ್ ಇದೆ. ಇದೇ ಗಾಡಿಯನ್ನು ಕವಾಸಾಕಿ ಕೆಎಫ್‌ಎಕ್ಸ್400 ಅಂತಲೂ, ಆರ್ಕ್ಟಿಕ್ ಕ್ಯಾಟ್ ಡಿವಿಎಕ್ಸ್400 ಅಂತಲೂ ಮಾರಿದರು. ಹುಡುಕುವಾಗ ಮೂರೂ ಹೆಸರು ಹಾಕಿ ಹುಡುಕಿ. ಕಡಿಮೆ ಪರಿಚಯದ ಹೆಸರಿನ ಗಾಡಿ ಕಡಿಮೆ ಬೆಲೆಗೆ ಸಿಗಬಹುದು. ಸ್ಟಾರ್ಟ್ ಮಾಡಿದಾಗ ಇಂಜಿನ್ ಪಕ್ಕದಿಂದ ಚೈನ್ ಅಲ್ಲಾಡುವ ಸದ್ದು ಬರುತ್ತದೆಯಾ ಕೇಳಿ. ಇಂಜಿನ್ ಒಳಗಿನ ಚೈನನ್ನು ಬಿಗಿಯಾಗಿಡುವ ಕ್ಯಾಮ್ ಚೈನ್ ಟೆನ್ಷನರ್ ಇದರ ದುರ್ಬಲ ಜಾಗ, ಬಹಳ ಜನ ಕೈಯಿಂದ ಬಿಗಿಮಾಡುವ ಟೆನ್ಷನರ್ ಹಾಕಿಸಿಕೊಳ್ಳುತ್ತಾರೆ.

ನೋಡಲು ಹೋಗುವ ದಿನ ಮಾಲೀಕರಿಗೆ ಮೊದಲೇ ಹೇಳಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಇಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿನ ಇಂಜಿನ್ ಮಾತ್ರ ನಿಜ ಹೇಳುತ್ತದೆ. ಸ್ಟಾರ್ಟ್ ಆದಾಗ ಒಂದು ಸಲ ಚೂರು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹಳತಾಗಿದೆ ಅಂತ ಅರ್ಥ, ಅಷ್ಟೇನೂ ದೊಡ್ಡದಲ್ಲ. ಥ್ರಾಟಲ್ ಕೊಟ್ಟಾಗಲೆಲ್ಲ ನೀಲಿ ಬರುತ್ತಿದ್ದರೆ ರಿಂಗ್ ಸವೆದಿವೆ. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ಆಫ್ ಆಗುತ್ತದೆ ಅಂದರೆ ಕಾರ್ಬ್ಯುರೇಟರ್‌ನ ಸಣ್ಣ ಜೆಟ್ (ಪೆಟ್ರೋಲ್ ಹರಿಯುವ ತೂತು) ಕಟ್ಟಿಕೊಂಡಿರಬೇಕು. ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗಳಲ್ಲಿ ಇದು ಮಾಮೂಲು. ಬಿಚ್ಚಿ ತೊಳೆದರೆ ಸರಿಹೋಗುತ್ತದೆ, ಬೆಲೆ ಇಳಿಸಲು ಒಳ್ಳೆಯ ಕಾರಣವೂ ಹೌದು.

ಆಮೇಲೆ ಗಾಡಿಯನ್ನು ಜಾಕ್ ಮೇಲೆ ಎತ್ತಿ. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡ ಬಲ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಟೈ ರಾಡ್. ಹಿಂದಿನ ಎರಡು ಚಕ್ರ ಎತ್ತಿ ಕೈಯಿಂದ ತಿರುಗಿಸಿ, ಆಕ್ಸಲ್ ತುದಿಯನ್ನೇ ನೋಡುತ್ತಿರಿ. ತುದಿ ಸುತ್ತಾಡಿದರೆ ಆಕ್ಸಲ್ ಬಾಗಿದೆ. ಎತ್ತರದಿಂದ ಹಾರಿಸಿ ಇಳಿಸಿದ ಗಾಡಿ ಅದು. ಟಾರ್ಚ್ ಹಾಕಿ ಎ-ಆರ್ಮ್ ಫ್ರೇಮಿಗೆ ಸೇರುವ ಜಾಗ, ಫುಟ್‌ಪೆಗ್ ಬುಡ, ಶಾಕ್ ಮೌಂಟ್ ನೋಡಿ. ಎಲ್ಲ ಕಡೆ ಹಳೆಯ ಬಣ್ಣ, ಒಂದೇ ಕಡೆ ಹೊಸ ಬಣ್ಣ ಇದ್ದರೆ ಅದರ ಕೆಳಗೆ ವೆಲ್ಡಿಂಗ್ ಇರಬಹುದು. ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಕವರ್ ತೆಗೆಸಿ. ಅಲ್ಲಿ ಇಂಜಿನ್ ಕೇಸ್ ಮೇಲೆ ಬೂದು ಬಣ್ಣದ ಎಪಾಕ್ಸಿ ಅಂಟು ಮೆತ್ತಿದ್ದರೆ, ಹಿಂದೊಮ್ಮೆ ಚೈನ್ ತುಂಡಾಗಿ ಕೇಸ್ ಒಡೆದಿದೆ. ಅಂಥದ್ದು ಬೇಡ.

ಓಡಿಸಿ ನೋಡುವಾಗ ಎಲ್ಲ ಗೇರ್‌ಗೂ ಹೋಗಿ. ಎರಡನೇ ಗೇರಿನಲ್ಲಿ ಜೋರಾಗಿ ಥ್ರಾಟಲ್ ಒತ್ತಿದಾಗ ನ್ಯೂಟ್ರಲ್‌ಗೆ ಜಿಗಿದರೆ ಗೇರ್ ಸವೆದಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು. ಮೇಲಿನ ಗೇರಿನಲ್ಲಿ ಥ್ರಾಟಲ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್. ಅದು ಸಣ್ಣ ಖರ್ಚು.

ಆ ವೈಎಫ್‌ಜಡ್‌ಗೆ ಹಾಕಿರುವ ಅಗಲದ ಆಕ್ಸಲ್ ಬಗ್ಗೆ ಒಂದು ಮಾತು. ದಿಬ್ಬದಲ್ಲಿ ಅಗಲ ಇದ್ದಷ್ಟೂ ಒಳ್ಳೆಯದು, ಮಗುಚುವುದು ಕಡಿಮೆ. ಆದರೆ ನ್ಯಾಷನಲ್ ಫಾರೆಸ್ಟ್‌ಗಳ ಎಷ್ಟೋ ಎಟಿವಿ (ಕ್ವಾಡ್‌ನಂಥ ಗಾಡಿ) ಟ್ರೇಲ್‌ಗಳಲ್ಲಿ ಅಗಲದ ಮಿತಿ 50 ಇಂಚು. ಉದ್ದದ ಎ-ಆರ್ಮ್ ಮತ್ತು ಅಗಲದ ಆಕ್ಸಲ್ ಸೇರಿದರೆ ಗಾಡಿ ಸುಲಭವಾಗಿ ಅದನ್ನು ದಾಟುತ್ತದೆ. ಟೇಪ್ ಹಿಡಿದು ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ನಿಮಗೆ ಎರಡೂ ಬೇಕು ಅಂದಿದ್ದೀರಿ, ಆದ್ದರಿಂದ ಇದು ಮುಖ್ಯ. ಸೈಲೆನ್ಸರ್ ಕೂಡ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 96 ಡೆಸಿಬಲ್ ಮೀರಬಾರದು, ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರಲೇಬೇಕು. ಒಣ ಕಾಡಿನಲ್ಲಿ ಒಂದು ಕಿಡಿ ಏನು ಮಾಡುತ್ತದೆ ಅಂತ ಸ್ಯಾನ್ ಡಿಯಾಗೋದಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ.

ಕಾಗದಪತ್ರ ಸರಿಯಿಲ್ಲದಿದ್ದರೆ ಎಷ್ಟೇ ಒಳ್ಳೆಯ ಗಾಡಿಯಾದರೂ ಬಿಡಿ. ಇಲ್ಲಿ ಪಿಂಕ್ ಸ್ಲಿಪ್ ಅನ್ನುವ ಮಾಲೀಕತ್ವದ ಪತ್ರ ಮಾರುವವರ ಹೆಸರಿನಲ್ಲೇ ಇರಬೇಕು, ಫ್ರೇಮ್ ಮೇಲೆ ಕೊರೆದ ನಂಬರ್ ಅದರ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಂಬರ್ ಉಜ್ಜಿದ ಹಾಗೆ ಕಂಡರೆ ಚೌಕಾಸಿಯೇ ಬೇಡ. ಹಿಂದಿನವರು ಕಟ್ಟದೆ ಬಿಟ್ಟ ಡಿಎಂವಿ (ಇಲ್ಲಿನ ಆರ್‌ಟಿಒ) ಶುಲ್ಕ ಗಾಡಿಯ ಜೊತೆಗೇ ನಿಮ್ಮ ತಲೆಗೆ ಬರುತ್ತದೆ, ಮೊದಲೇ ಕೇಳಿ.

ಈಗ 400ಇಎಕ್ಸ್ ಕೊಂಡರೆ ಉಳಿಯುವ 1,300 ಡಾಲರ್ ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಮೈಗೆ. ಹೆಲ್ಮೆಟ್, ಗಾಗಲ್, ಎದೆ ಕವಚ, ಮೊಣಕಾಲು ದಾಟದ ಆದರೆ ಪಾದ ಗಟ್ಟಿಯಾಗಿ ಹಿಡಿಯುವ ಮೋಟೋ ಬೂಟು. ಆಮೇಲೆ ಫುಟ್‌ಪೆಗ್‌ನಿಂದ ಹಿಂದಿನ ಚಕ್ರದ ತನಕ ಬಲೆ ಇರುವ ನರ್ಫ್ ಬಾರ್. ಬೈಕ್ ಓಡಿಸಿ ಬಂದವರಿಗೆ ಇದು ತುಂಬಾ ಮುಖ್ಯ. ಬೈಕ್ ವಾಲಿದರೆ ನಾವು ಕಾಲು ಕೊಡುತ್ತೇವೆ ಅಲ್ವಾ? ಕ್ವಾಡ್‌ನಲ್ಲಿ ಹಾಗೆ ಕಾಲು ಕೆಳಗಿಟ್ಟರೆ ನಿಮ್ಮ ಹಿಂದಿನ ಚಕ್ರವೇ ಅದರ ಮೇಲೆ ಹತ್ತುತ್ತದೆ. ಆ ಅಭ್ಯಾಸ ಮೈಯಿಂದ ಹೋಗಲು ಸಮಯ ಬೇಕು. ಅಲ್ಲಿಯವರೆಗೆ ಬಲೆ ಕಾಪಾಡುತ್ತದೆ.

ಮೂರನೆಯದು ಪ್ಯಾಡಲ್ ಟೈರ್. ಟ್ರೇಲಿನ ಗಂಟುಗಂಟಿನ ಟೈರ್ ಮರಳಿನಲ್ಲಿ ಹೂತುಹೋಗುತ್ತದೆ, ಹಿಂದೆ ಪ್ಯಾಡಲ್ ಇದ್ದರೆ ದೋಣಿಯ ಹುಟ್ಟಿನ ಹಾಗೆ ಮರಳು ತಳ್ಳಿಕೊಂಡು ಹೋಗುತ್ತದೆ. ರಿಂ ಸಮೇತ ಹಳೆಯ ಜೋಡಿ ಕೊಂಡರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು. ಹೋಂಡಾ ಹಿಂದಿನ ರಿಂ 4/110 (ನಾಲ್ಕು ಬೋಲ್ಟ್, ಅವು ಕೂರುವ ವೃತ್ತ 110 ಮಿ.ಮೀ.), ಯಮಹಾದ್ದು 4/115, ಒಂದಕ್ಕೊಂದು ಕೂರುವುದಿಲ್ಲ. 400ಕ್ಕೆ ಎಂಟು ಪ್ಯಾಡಲ್‌ನ ಹಗುರ ಟೈರ್ ಸಾಕು, ಜಾಸ್ತಿ ಪ್ಯಾಡಲ್ ಇದ್ದರೆ ಇಂಜಿನ್ ಉಸಿರುಗಟ್ಟುತ್ತದೆ. ಈ ಟೈರ್‌ಗಳಲ್ಲಿ ಗಾಳಿ ಇರುವುದು ನಾಲ್ಕೈದು ಪಿಎಸ್‌ಐ ಮಾತ್ರ, ಕಾರಿನ ಗೇಜ್ ಅದನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡ ಅಳೆಯುವ ಗೇಜ್ ಬೇರೆ ತಗೊಳ್ಳಿ.

ಗ್ಲಾಮಿಸ್‌ನಲ್ಲಿ ಗಾಡಿಗೆ ಸಿಕ್ಕಿಸಿದ, ನೆಲದಿಂದ ಎಂಟು ಅಡಿ ಎತ್ತರ ತಲುಪುವ ಕಂಬಿಗೆ ಕೆಂಪು ಅಥವಾ ಕಿತ್ತಳೆ ಬಾವುಟ ಕಟ್ಟಿರಲೇಬೇಕು. ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಬೇಕು. ದಿಬ್ಬದ ಆಚೆ ಯಾರು ಬರುತ್ತಿದ್ದಾರೆ ಅಂತ ತೋರಿಸುವುದು ಆ ಬಾವುಟ ಒಂದೇ. ಗಾಳಿ ಬೀಸಿ ಬರುವ ಕಡೆ ದಿಬ್ಬ ನಿಧಾನವಾಗಿ ಮೇಲೇರುತ್ತದೆ, ಆಚೆ ಬದಿ ಗೋಡೆಯ ಹಾಗೆ ಕಡಿದಾಗಿ ಬೀಳುತ್ತದೆ. ಗೊತ್ತಿಲ್ಲದ ದಿಬ್ಬದ ತುದಿಗೆ ನೇರವಾಗಿ ನುಗ್ಗಬೇಡಿ, ಓರೆಯಾಗಿ ಹತ್ತಿ, ಆಚೆ ನೋಡಿ, ಆಮೇಲೆ ಇಳಿಯಿರಿ. ಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ನೆರಳೇ ಇರುವುದಿಲ್ಲ, ಗುಂಡಿ ದಿಬ್ಬ ಎಲ್ಲ ಒಂದೇ ಸಮ ಕಾಣುತ್ತವೆ. ಆ ಹೊತ್ತು ಕ್ಯಾಂಪಿನಲ್ಲಿ ಊಟ ಮಾಡಿ.

ಇನ್ನು ಮಗನ ವಿಷಯ. ಬೇಡ. ಸ್ಪೋರ್ಟ್ ಕ್ವಾಡ್ ಒಬ್ಬರಿಗೇ ಮಾಡಿದ ಗಾಡಿ. ಆ ಉದ್ದನೆಯ ಸೀಟ್ ಇಬ್ಬರು ಕೂರಲಿ ಅಂತ ಅಲ್ಲ, ಓಡಿಸುವವರು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಸರಿಯಲಿ ಅಂತ. ಹಿಂದೆ ಮಗು ಕೂತರೆ ನೀವು ಸರಿಯಲು ಜಾಗವಿಲ್ಲ, ಹತ್ತುವಾಗ ಭಾರ ಹಿಂದಕ್ಕೆ ಬಿದ್ದು ಗಾಡಿ ಇಬ್ಬರ ಮೇಲೂ ಮಗುಚಬಹುದು. ಒಬ್ಬರ ಕ್ವಾಡ್‌ನಲ್ಲಿ ಇಬ್ಬರು ಹೋಗುವುದು ಕ್ಯಾಲಿಫೋರ್ನಿಯಾ ಕಾನೂನಿಗೂ ವಿರುದ್ಧ. ಅವನಿಗೆ ಆಸೆ ಇದ್ದರೆ ಆರು ವರ್ಷ ದಾಟಿದ ಮಕ್ಕಳಿಗೆ ಅಂತಲೇ ವೇಗ ಕಟ್ಟಿಹಾಕಿ ತಯಾರಿಸುವ ಚಿಕ್ಕ ಕ್ವಾಡ್ ಬರುತ್ತವೆ, ಮೇಲೆ ವೈ-6+ ಅಂತ ಗುರುತು ಇರುತ್ತದೆ. ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್ ತರಬೇತಿ ಇಬ್ಬರೂ ಒಟ್ಟಿಗೆ ತಗೊಳ್ಳಿ. ನಿಮಗೂ ಅದು ಬೇಕು, ಬೈಕಿನ ಅಭ್ಯಾಸ ಬಿಡಿಸಲು ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

400ಇಎಕ್ಸ್ ನೋಡಿ ಬಂದ ಮೇಲೆ ಏರ್‌ಬಾಕ್ಸ್ ಒಳಗಿನದ್ದು, ಆ ಬಿಳಿ ಬಟ್ಟೆಯದ್ದು ಫೋಟೋ ಕಳಿಸಿ. ಆಯಿಲ್ ಬಿಸಿಯಿದ್ದಾಗ ಕಡ್ಡಿಯಲ್ಲಿ ಎಲ್ಲಿಗೆ ಬಂತು ಅಂತಲೂ ಬರೆಯಿರಿ. ಬೆಲೆ ಎಷ್ಟಕ್ಕೆ ಕೇಳಬೇಕು ಅಂತ ಆಮೇಲೆ ಹೇಳುತ್ತೇನೆ.